ಮಾಸ್ತರರ ಖಾಲಿ ಸಾಲು

ಹೋದ ತಿಂಗಳು ಲಕ್ಷ್ಮೇಶ್ವರದಲ್ಲಿ ನನ್ನ ತಮ್ಮ ರಫೀಕನ ಮನೆಗೆ ಹೋಗಿದ್ದೆ. ಅವನ ಮಗಳು ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ತಾನು ಹಾಡಿದ ಹಾಡಿಗೆ ತಾನೇ ಹಿಮ್ಮೇಳ ಹಾಡಿ ಕೂಡಿಸುತ್ತಿದ್ದಳು. ಪರದೆಯ ಮೇಲೆ ಒಂದರ ಕೆಳಗೊಂದು ಬಣ್ಣಬಣ್ಣದ ಪಟ್ಟಿಗಳು, ಎಣಿಸಿದರೆ ಮುಗಿಯದಷ್ಟು. ಚಹಾ ಕೊಡಲೆಂದು ಹತ್ತಿರ ಹೋದೆ. ಲ್ಯಾಪ್‌ಟಾಪಿನ ಪಕ್ಕದ ಸೀಳಿನಿಂದ ಬಿಸಿ ಗಾಳಿ ಬರುತ್ತಿತ್ತು. ಅದರ ಜೊತೆ ಕಾದ ಧೂಳಿನ ವಾಸನೆ. ಚಹಾದ ಕಪ್ಪು ಕೈಯಲ್ಲಿಯೇ ಉಳಿಯಿತು.

"ಯಾಕ ಅತ್ತಿ, ಹಂಗ ನಿಂತ್ರಿ?" ಎಂದಳು ಹುಡುಗಿ.

"ಏನಿಲ್ಲವಾ. ನಿನ್ನ ಮಷೀನು ಬೆವರಾಕ ಹತ್ತೈತಿ" ಎಂದೆ.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಬೆಟಗೇರಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಒಂದು ಆಷಾಢದ ತುಂಬ ಅದೇ ವಾಸನೆಯಲ್ಲಿ ಉಂಡಿದ್ದೇವೆ, ಅಲ್ಲಿಯೇ ಕೂತು ಎದ್ದಿದ್ದೇವೆ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಟ್ಟು, ಅದರ ಹೊಟ್ಟೆಗೆ ಮೇಜಿನ ಪಂಖಾ ಹಚ್ಚಿ, "ಇನ್ನೊಂದ ಸ್ವಲ್ಪ ತಡಕೋ ನಮ್ಮಪ್ಪಾ" ಎಂದು ಬೇಡಿಕೊಳ್ಳುತ್ತಿದ್ದ ದಿನಗಳು ಅವು.

ಗದಗ ಜಿಲ್ಲೆಯಾಗಿ ಆಗ ಕೆಲವೇ ವರ್ಷಗಳಾಗಿದ್ದವು. ಪ್ರತಿಯೊಂದಕ್ಕೂ ಧಾರವಾಡಕ್ಕೆ ಎಡತಾಕುವುದು ತಪ್ಪಿತೆಂದು ಜನ ಖುಷಿಯಲ್ಲಿದ್ದರು. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಕಚೇರಿ ಎಂದರೆ ಅರ್ಜಿ, ಅರ್ಜಿ ಎಂದರೆ ಅದನ್ನು ನೆಟ್ಟಗೆ ಟೈಪು ಮಾಡಿಕೊಡುವವರು ಬೇಕು. ನನ್ನ ಅಬ್ಬಾ ಗದಗದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಹಳೆಯ ಛಾಪಖಾನೆ ನಡೆಸಿದವರು. ಅಕ್ಷರವನ್ನು ತಲೆಕೆಳಗಾಗಿ ಓದುವುದನ್ನು ನಾನು ನೆಟ್ಟಗೆ ಓದುವುದಕ್ಕಿಂತ ಮೊದಲೇ ಕಲಿತಿದ್ದೆ. ಛಾಪಖಾನೆ ಮುಚ್ಚಿದ ಮೇಲೆ ರಫೀಕ ಅಲ್ಲಿಂದೊಂದು ಇಲ್ಲಿಂದೊಂದು ಭಾಗ ತಂದು ನನಗೊಂದು ಕಂಪ್ಯೂಟರ್ ಕಟ್ಟಿಕೊಟ್ಟ. ಕ್ಯಾಬಿನೆಟ್ಟು ಒಂದೂರಿನದು, ಮದರ್‌ಬೋರ್ಡು ಇನ್ನೊಂದೂರಿನದು. ಹೊಸ ಬೀಗರ ಹಾಗೆ ಒಮ್ಮೆ ಹೊಂದಿಕೊಳ್ಳುತ್ತಿದ್ದವು, ಒಮ್ಮೆ ಮುನಿಯುತ್ತಿದ್ದವು. ಅದರ ಮೇಲೆ ಹಗಲು ಅರ್ಜಿ, ಸಂಜೆ ಲಗ್ನಪತ್ರಿಕೆ ಮಾಡಿಕೊಂಡು ನನ್ನ ಸಂಸಾರದ ಅರ್ಧ ಭಾರ ನಾನು ಹೊತ್ತಿದ್ದೆ.

ಇನ್ನರ್ಧ ಹೊತ್ತವರು ನಮ್ಮವರು, ದಸ್ತಗೀರ ಮಾಸ್ತರ. ಮಾಸ್ತರ ಎಂದರೆ ಶಾಲೆಯ ಮಾಸ್ತರರಲ್ಲ, ಬ್ಯಾಂಡಿನ ಮಾಸ್ತರ. ಮದುವೆಯ ಮೆರವಣಿಗೆಯ ಮುಂದೆ ಕ್ಲಾರ್ನೆಟ್ಟು ಊದುತ್ತ ನಡೆಯುವವರು. ಮುಳಗುಂದದಿಂದ ಮುಂಡರಗಿಯವರೆಗೆ ಅವರ ಕ್ಲಾರ್ನೆಟ್ಟಿಗೆ ಕುಣಿಯದ ಬೀಗರಿರಲಿಲ್ಲ. ಮನೆಯಲ್ಲಿ ಮಾತು ಕಮ್ಮಿ. "ಮಾತು ಊದಿ ಖರ್ಚಾಗ್ಯಾವೇನ್ರಿ?" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

ಆ ವರ್ಷ ಮುಂಗಾರಿನ ಮೊದಲಲ್ಲಿ ಮುಂಡರಗಿಯ ಒಂದು ಮದುವೆ ಮುಗಿಸಿ, ತೆರೆದ ಟೆಂಪೋದಲ್ಲಿ ಗಾಳಿಗೆ ಮುಖ ಕೊಟ್ಟುಕೊಂಡು ಬಂದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಎಡಬಾಯಿಂದ ಚಹಾ ಅಂಗಿಯ ಮೇಲೆ ಸುರಿಯಿತು. ಎಡಗಣ್ಣು ಮುಚ್ಚಲಿಲ್ಲ. ನಕ್ಕರೆ ಅರ್ಧ ಮುಖ ಮಾತ್ರ ನಕ್ಕಿತು. ಓಣಿಯವರು "ಗಾಳಿ ಬಡದೈತಿ" ಎಂದರು. ದವಾಖಾನೆಯ ಡಾಕ್ಟರು ನರ ಬಾತಿದೆ ಎಂದರು. ಗುಳಿಗೆ ಬರೆದುಕೊಟ್ಟು, ಸಮಾಧಾನವಾಗಿ ಹೇಳಿದರು: "ಭಾಳ ಮಂದಿಗೆ ತಾನಾಗೇ ವಾಪಸ್ ಬರತೈತಿ. ಕೆಲವರಿಗೆ ಪೂರಾ ಬರೂದಿಲ್ಲ. ದಿನಾ ಬಾಯಿ ವ್ಯಾಯಾಮ ಮಾಡ್ರಿ. ಗಲ್ಲ ಉಬ್ಬಸರಿ, ಸೀಟಿ ಹೊಡೀರಿ, ಮೇಣಬತ್ತಿ ಆರಸರಿ. ಆಮ್ಯಾಲ ಸ್ವಲ್ಪ ಸ್ವಲ್ಪ ಊದಾಕ ಚಾಲೂ ಮಾಡ್ರಿ."

ಮನೆಗೆ ಬಂದು ನಾನು ಮೇಣಬತ್ತಿ ಹಚ್ಚಿ ಎದುರಿಗೆ ಇಟ್ಟೆ. ಅವರು ಅದನ್ನು ಬೆರಳಿನಿಂದ ಹೊಸಕಿ ಆರಿಸಿದರು.

"ವರನ ಮುಂದ ನಡದಾಂವ ನಾನು. ಮೇಣಬತ್ತಿ ಊದ್ಕೊಂತ ಕುಂಡ್ರಲೇನು?"

ಕ್ಲಾರ್ನೆಟ್ಟನ್ನು ಪೆಟ್ಟಿಗೆಯಲ್ಲಿ ಮುಚ್ಚಿ, ಗೋಡೆಯ ಮೇಲಿನ ನಾಗೊಂದಿಗೆಯ ಮೇಲೆ ಹಾಸಿಗೆಗಳ ಹಿಂದೆ ಇಟ್ಟರು. ಮುಖಕ್ಕೆ ಮಫ್ಲರು ಸುತ್ತಿಕೊಂಡು ಒಳಖೋಲಿ ಸೇರಿದರು. ನಮಾಜಿಗೂ ಮನೆಯಲ್ಲಿಯೇ ಚಾಪೆ ಹಾಸಿದರು. ಜನರ ಮಾತಿಗೆ ಹೆದರಿದರೆಂದು ಬೇರೆಯವರು ತಿಳಿದರು. ನನಗೆ ಗೊತ್ತಿತ್ತು, ಅವರ ಹೆದರಿಕೆ ಬೇರೆ. ಒಮ್ಮೆ ಊದಿ ನೋಡಿ ಬರಲಿಲ್ಲವೆಂದರೆ ಅದು ಖಾತ್ರಿಯಾಗಿಬಿಡುತ್ತದೆ. ಊದದೆ ಇದ್ದರೆ ಇನ್ನೂ ಆಸೆ ಉಳಿಯುತ್ತದೆ. ಡಾಕ್ಟರು ಹೇಳಿದ ಹಾಗೆ ಬಾಯಿಗೆ ಕೆಲಸ ಕೊಡದಿದ್ದರೆ ಇರುವ ಆಸೆಯೂ ಹೋಗುತ್ತದೆಂದು ದಿನಾ ಹೇಳಿದೆ. ಹೇಳಿದರೆ ಕೇಳುವ ಗಂಡಸಾದರೆ ತಾನೇ!

ಆಷಾಢ ಬಂತು. ತಗಡು ಹಾರಿಸುವ ಗಾಳಿ ಬಂತು. ಬ್ಯಾಂಡಿನವರಿಗೆ ಕೆಲಸವಿಲ್ಲದ ಕಾಲ, ಎಲ್ಲರೂ ಅವರವರ ಊರಲ್ಲಿ ಹೊಲದ ಪಾಲಾಗಿದ್ದರು. ಒಂದು ಮಧ್ಯಾಹ್ನ ಈರಪ್ಪ ಬಂದ. ಅಂತೂರ ಬೆಂತೂರದವನು, ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವನು, ನಮ್ಮವರಿಗಿಂತ ವಯಸ್ಸಿನಲ್ಲಿ ಹಿರಿಯ. ಎರಿ ಮಣ್ಣು ಮೆತ್ತಿದ ಕಾಲನ್ನು ಕಟ್ಟೆಗೆ ತಿಕ್ಕಿಕೊಳ್ಳುತ್ತ ಕೂತ.

"ಯವ್ವಾ, ಈಗ ಶಿರಹಟ್ಟಿ ಕಡೆ ಬೀಗರು ಮೊದಲ ಸಿಡಿ ಕೇಳತಾರ, ಆಮ್ಯಾಲ ಬಾಜಾ ಹೇಳತಾರ. ನಿನ್ನ ಮಷೀನಿನ್ಯಾಗ ನಮ್ಮದೊಂದು ಹಿಡಿಯಾಕ ಬರತೈತೇನು?"

"ಎಲ್ಲಾರೂ ಒಮ್ಮೆ ಹೆಂಗ ಬರ್ತೀರಿ ಕಾಕಾ? ಹೊಲದಾಗ ಎಡೆ ಹೊಡಿಯೂ ದಿನ ಇವು."

"ಒಮ್ಮೆ ಎಲ್ಲಿ ಬರೂದು! ಯಾರ ಹೊಲಕ್ಕ ಮಳಿ ಆಗಿ ಕೆಲಸ ನಿಂದರತೈತಿ, ಅವತ್ತ ಅಂವ ಬರತಾನ."

ಲಕ್ಷ್ಮೇಶ್ವರಕ್ಕೆ ಫೋನು ಮಾಡಿ ರಫೀಕನನ್ನು ಕೇಳಿದೆ. "ಒಬ್ಬೊಬ್ಬರದು ಬ್ಯಾರೆ ಬ್ಯಾರೆ ಹಿಡಿ ಅಕ್ಕಾ, ಒಂದರ ಮ್ಯಾಲ ಒಂದು ಕೂಡಸಾಕ ಬರತೈತಿ. ಟ್ರ್ಯಾಕ್ ಅಂತಾರ ಅದಕ್ಕ" ಎಂದ. ಅಷ್ಟು ಸಾಕಾಯಿತು. ಛಾಪಖಾನೆಯಲ್ಲಿ ಎರಡು ಬಣ್ಣದ ಕಾರ್ಡು ಹೊಡೆಯುವುದು ಹೀಗೇ. ಮೊದಲು ಕೆಂಪು, ಅದು ಒಣಗಿದ ಮೇಲೆ ಅದೇ ಕಾಗದಕ್ಕೆ ಹಸಿರು. ಕೂದಲೆಳೆ ತಪ್ಪಿದರೂ ಗಣಪತಿಯ ಕಿರೀಟ ಕಿವಿಗೆ ಬೀಳುತ್ತದೆ. ಟ್ರ್ಯಾಕಿಗೆ ನಾನು ಸಾಲು ಎಂದು ಹೆಸರಿಟ್ಟೆ. ಹೊಲದವರಿಗೂ ತಿಳಿಯುವ ಮಾತು.

"ಮಾಸ್ತರ ಸಾಲು ಯಾರ ಊದತಾರ?" ಎಂದು ಕೇಳಿದೆ. ಬ್ಯಾಂಡಿನಲ್ಲಿ ಒಂದು ರೂಢಿ ಇದೆ. ಮಾಸ್ತರ ನೀರು ಕುಡಿಯಲು ಪಕ್ಕಕ್ಕೆ ಹೋದರೂ ಅವರು ನಿಲ್ಲುವ ಜಾಗಕ್ಕೆ ಯಾರೂ ಕಾಲಿಡುವುದಿಲ್ಲ. ಮೆರವಣಿಗೆ ಆ ಖಾಲಿ ಜಾಗವನ್ನು ಮುಂದಿಟ್ಟುಕೊಂಡೇ ನಡೆಯುತ್ತದೆ.

ಈರಪ್ಪ ಒಳಖೋಲಿಯ ಬಾಗಿಲಿನ ಕಡೆ ನೋಡಿ, ಬೇಕಂತಲೇ ದನಿ ಎತ್ತರಿಸಿ ಹೇಳಿದ: "ಅದು ಖಾಲಿ ಇರಲಿ. ಅದರ ಧಣಿ ಬಂದು ತುಂಬತಾನ."

ಕುರ್ತಕೋಟಿಯ ಹುಸೇನಸಾಬ ತುತ್ತೂರಿಯವನು. ಮೊದಲು ಅವನ ಹೊಲಕ್ಕೇ ಮಳೆಯಾಯಿತು. ಬ್ಯಾಂಡಿನ ಟೆಂಪೋದ ಮೈಕು ಬಿಚ್ಚಿ ತಂದು ಕಂಪ್ಯೂಟರಿಗೆ ಸಿಕ್ಕಿಸಿದೆವು. ಗೋಡೆಗೆ ಕೌದಿ ತೂಗುಹಾಕಿದೆವು. ಅವನು ಊದಿದ, ನಾನು ಹಿಡಿದೆ. ಹಚ್ಚಿ ಕೇಳಿದರೆ ಒಗ್ಗರಣೆ ಸಿಡಿದ ಹಾಗೆ ಚಟಪಟ, ನಡುನಡುವೆ ಸದ್ದೇ ಇಲ್ಲ, ಆಮೇಲೆ ಪರದೆ ಕಲ್ಲಾಗಿ ನಿಂತಿತು.

ಮರುದಿನ ರಫೀಕ ಬಸ್ಸು ಹತ್ತಿ ಬಂದ. ಬಂದವನು ಯಂತ್ರದೊಳಗೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. ನನ್ನಲ್ಲಿ ಇದ್ದಷ್ಟು ಬಗೆಬಗೆಯ ಅಕ್ಷರ, ಅಂದರೆ ಫಾಂಟು, ಇಡೀ ಗದಗದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಬಳ್ಳಿ ಬಿಟ್ಟ ಅಕ್ಷರ, ದೀಪ ಹೊತ್ತ ಅಕ್ಷರ, ಹೂ ಮುಡಿದ ಅಕ್ಷರ. ಅವುಗಳ ಜೊತೆ ಚಂದ್ರ, ನಕ್ಷತ್ರ, ಬಾಸಿಂಗ, ಎದುರುಬದುರು ಕೂತ ಗಿಳಿಗಳು. ಯಾವುದನ್ನೂ ತೆಗೆದವಳಲ್ಲ. ಛಾಪಖಾನೆಯ ಮಗಳು ನಾನು. ಮೊಳೆ ಬಿಸಾಡುವುದು ನಮ್ಮ ಮನೆತನದಲ್ಲಿಯೇ ಇಲ್ಲ. ಸವೆದ ಮೊಳೆಯನ್ನೂ ಡಬ್ಬಿಯಲ್ಲಿ ಹಾಕಿಡುತ್ತೇವೆ, ಅದೇನು ಅನ್ನ ಕೇಳುತ್ತದೆಯೇ?

"ಇವು ಅನ್ನ ಕೇಳತಾವಕ್ಕಾ!" ಎಂದ ರಫೀಕ. "ಇದು ಮೊಳಿ ಡಬ್ಬಿ ಅಲ್ಲ. ನೀ ಮಷೀನ್ ಚಾಲೂ ಮಾಡಿದ ಕೂಡಲೇ ನಿನ್ನ ಇಷ್ಟೂ ಅಕ್ಷರ ಎದ್ದು ಕೈ ಕಟ್ಕೊಂಡು ನಿಂದರತಾವ, ನೀ ಕರೀ, ಬಿಡು. ಅವಕ್ಕೆಲ್ಲ ಊಟಕ್ಕ ಹಾಕೂದರಾಗ ಈ ಬಡಪಾಯಿಗೆ ತುತ್ತೂರಿ ಕೇಳಾಕ ಪುರಸೊತ್ತ ಎಲ್ಲೈತಿ?"

ಹೀಗೆಂದು ನನಗೆ ಯಾರೂ ಹೇಳಿರಲಿಲ್ಲ. ಯಂತ್ರ ಮುದುಕಾಯಿತೆಂದು ನಾನು ಅದನ್ನೇ ಬೈಯುತ್ತಿದ್ದೆ. ಇನ್ನಷ್ಟು ಮೆಮರಿ ಹಾಕಿಸೋಣವೆಂದರೆ ಆ ಹಳೆಯ ಬೋರ್ಡಿಗೆ ಹೊಂದುವುದು ಹುಬ್ಬಳ್ಳಿಯಲ್ಲೂ ಸಿಕ್ಕಿರಲಿಲ್ಲ. ಇದ್ದುದರಲ್ಲಿಯೇ ಬಾಳ್ವೆ ಮಾಡಬೇಕು. ಒಂದೊಂದೇ ಅಕ್ಷರವನ್ನು ಸಿಡಿಗೆ ಇಳಿಸಿಕೊಂಡು ಯಂತ್ರದಿಂದ ಕಳಿಸುತ್ತ ಹೋದೆವು, ತವರಿಗೆ ಬಂದ ಹೆಣ್ಣುಮಕ್ಕಳನ್ನು ಗಾಡಿ ಹತ್ತಿಸಿದ ಹಾಗೆ. ದಿನದ ಕೆಲಸಕ್ಕೆ ಬೇಕಾದ ನಾಲ್ಕಾರು ಉಳಿದವು. ಪರದೆಯ ಮೇಲಿನ ಹೂದೋಟದ ಚಿತ್ರ ಹೋಯಿತು, ಖಾಲಿ ಕೂತಾಗ ಓಡಾಡುತ್ತಿದ್ದ ಮೀನುಗಳು ಹೋದವು. ವೈರಸ್ ಕಾಯುವ ಕಾವಲುಗಾರನಿಗೆ ರೆಕಾರ್ಡಿಂಗ್ ಹೊತ್ತಿನಲ್ಲಿ ಮಾತ್ರ ರಜೆ ಕೊಟ್ಟೆವು. ಹುಸೇನಸಾಬ ಮತ್ತೆ ಊದಿದ. ಈ ಸಲ ತುತ್ತೂರಿ ತುತ್ತೂರಿಯ ಹಾಗೆಯೇ ಕೇಳಿತು. ಅಲ್ಲಾಹನಿಗೂ ರಫೀಕನಿಗೂ ಒಂದೇ ಉಸಿರಿನಲ್ಲಿ ಶುಕ್ರಿಯಾ ಹೇಳಿದೆ.

ಆದರೆ ಹಿಂದಿನಿಂದ ಪಾವರ್‌ಲೂಮಿನ ಸದ್ದು! ನೇಕಾರರ ಓಣಿ ನಮ್ಮದು. ಕೌದಿ ಎಷ್ಟು ಹಾಕಿದರೂ ಕಟಕಟ ಒಳಗೆ ಬರುತ್ತಿತ್ತು. ಮಗ್ಗ ನಿಲ್ಲುವುದು ಕರೆಂಟು ಹೋದಾಗ. ಕರೆಂಟು ಹೋದರೆ ಕಂಪ್ಯೂಟರೂ ಹೋಗುತ್ತದೆ. ಇದಕ್ಕೆ ದಾರಿ ಕಂಡದ್ದು ಯುಪಿಎಸ್ಸಿನಲ್ಲಿ. ಕರೆಂಟು ಹೋದ ಮೇಲೂ ಅದರ ಬ್ಯಾಟರಿ ಸ್ವಲ್ಪ ಹೊತ್ತು ಕಂಪ್ಯೂಟರನ್ನು ನಡೆಸುತ್ತದೆ, ಕೆಲಸ ಉಳಿಸಿಕೊಂಡು ಮುಚ್ಚಲಿಕ್ಕೆ. ಆ ಸ್ವಲ್ಪ ಹೊತ್ತಿನಲ್ಲಿ ಓಣಿಯೆಲ್ಲ ಸ್ತಬ್ಧ. ನಾವು ಅದರಲ್ಲಿಯೇ ಹಿಡಿಯತೊಡಗಿದೆವು. ಅದು ಕೂಯ್ ಕೂಯ್ ಎಂದು ಬಡಕೊಳ್ಳದ ಹಾಗೆ ರಫೀಕ ಅದರ ನಾಲಿಗೆ ಕಿತ್ತಿಟ್ಟ. ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಮಾನಿಟರು ಎಂದು ತಿಳಿದ ಮೇಲೆ ಅದನ್ನೂ ಆರಿಸಿ, ಕತ್ತಲ ಪರದೆಯ ಮುಂದೆ ಕೀಬೋರ್ಡಿನ ಕೀಲಿ ಒತ್ತಿ ರೆಕಾರ್ಡು ಮಾಡುವುದನ್ನು ಕಲಿತೆ. ಊರೆಲ್ಲ ಕರೆಂಟು ಹೋಯಿತೆಂದು ಬೈಯುವಾಗ ನಮ್ಮ ಮನೆಯಲ್ಲಿ "ಹೋತು, ಹೋತು! ಬರ್ರಿ, ಜಲ್ದಿ ಕುಂಡ್ರಿ!" ಎಂದು ಸಂಭ್ರಮ. ಆಷಾಢದ ಗಾಳಿಗೆ ತಂತಿ ಕಡಿಯುವುದೇನು ಹೊಸದಲ್ಲ. ವಿದ್ಯುತ್ ಇಲಾಖೆಗೆ ಹರಸಿದ ಹೆಂಗಸು ಆ ವರ್ಷ ನಾನೊಬ್ಬಳೇ ಇರಬೇಕು.

ಆಮೇಲೆ ಈರಪ್ಪನ ಸರದಿ. ಹೆಡ್‌ಫೋನಿನಲ್ಲಿ ತುತ್ತೂರಿ ಕೇಳುತ್ತ ಡೋಲು ಬಾರಿಸಬೇಕು. ನೆಟ್ಟಗೆ ಶುರು ಮಾಡಿದ. ಬರಬರುತ್ತ ನಿಧಾನ. ಇನ್ನೂ ನಿಧಾನ. ವರ ಕುದುರೆಯಿಂದ ಇಳಿದು, ಉಂಡು, ಮಲಗಿ ಎದ್ದರೂ ಮುಂದೆ ಹೋಗದಂಥ ಮೆರವಣಿಗೆ. ಬಿಟ್ಟು ಮತ್ತೆ ಮತ್ತೆ ಬಾರಿಸಿದರೂ ಅದೇ ಪಾಡು.

ಆದದ್ದು ಇಷ್ಟು. ಮೈಕಿನಿಂದ ಒಳಗೆ ಹೋದ ಸದ್ದನ್ನು ಯಂತ್ರ ಒಂದು ಚಣ ಇಟ್ಟುಕೊಂಡು ಆಮೇಲೆ ಕಿವಿಗೆ ಕೊಡುತ್ತಿತ್ತು. ಚಟಪಟ ಬರಬಾರದೆಂದು ಆ ಇಟ್ಟುಕೊಳ್ಳುವ ಹೊತ್ತನ್ನು ನಾವೇ ಹೆಚ್ಚು ಮಾಡಿದ್ದೆವು. ಈರಪ್ಪನ ಪೆಟ್ಟು ಈರಪ್ಪನಿಗೇ ತಡವಾಗಿ ಕೇಳುತ್ತಿತ್ತು. ಬೇರೆಯವರಾದರೆ ಗಲಿಬಿಲಿಯಾಗಿ ನಿಲ್ಲಿಸುತ್ತಿದ್ದರು. ಈರಪ್ಪ ಮೆರವಣಿಗೆಯವನು. ಮುಂದೆ ಜನ ಕುಣಿಯಲು ನಿಂತರೆ ಸದ್ದು ಹಿಂದೆ ಬೀಳುತ್ತದೆ, ಆಗ ಡೋಲಿನವನು ಕಾಯಬೇಕು. ಅದು ಅವನ ಧರ್ಮ. ಹಾಗಾಗಿ ಅವನು ಮರ್ಯಾದೆಯಿಂದ ತನ್ನ ಸದ್ದಿಗೆ ತಾನೇ ಕಾಯುತ್ತಿದ್ದ.

ಒಳಖೋಲಿಯ ಬಾಗಿಲು ದಡಾರನೆ ತೆರೆಯಿತು.

"ಈರಪ್ಪಾ! ಯಾರಿಗಿ ಕಾಯಾಕ ಹತ್ತಿ? ಹೆಣದ ಮುಂದ ಬಾರಸ್ತೀಯೇನು?"

ನಮ್ಮವರು ಹೊರಗೆ ಬಂದು ನಿಂತಿದ್ದರು. ಮುಖದ ಮೇಲೆ ಮಫ್ಲರು ಇರಲಿಲ್ಲ. ಸಿಟ್ಟಿನಲ್ಲಿ ಅರ್ಧ ಮುಖ ಗಂಟಾಗಿತ್ತು, ಇನ್ನರ್ಧ ಸುಮ್ಮನಿತ್ತು. ಈರಪ್ಪ ಆ ಮುಖವನ್ನು ಮೊದಲ ಸಲ ನೋಡಿದ್ದು. ಕಣ್ಣು ಕದಲಿಸಲಿಲ್ಲ.

"ಮಾಸ್ತರ, ಮುಂದ ನೀವಿಲ್ಲ. ಕಾಯಬೇಕೋ, ನಡೀಬೇಕೋ, ನನಗ ಹೆಂಗ ತಿಳೀಬೇಕು?"

ನಮ್ಮವರು ಹೆಡ್‌ಫೋನಿನ ಒಂದು ಬದಿಯನ್ನು ಅವನ ಕಿವಿಯಿಂದ ಸರಿಸಿ ತಲೆಯ ಮೇಲೆ ಕೂರಿಸಿದರು. "ಒಂದು ಕಿವಿ ತುತ್ತೂರಿಗಿ, ಒಂದು ಕಿವಿ ನಿನ್ನ ಡೋಲಿಗಿ. ಮಷೀನಿಂದ ನಿನ್ನ ಸದ್ದು ನಿನಗ ಬ್ಯಾಡ" ಎಂದರು. ನಾನು ಯಂತ್ರದಿಂದ ಅವನ ಸದ್ದು ಕೇಳಿಸುವುದನ್ನು ಬಂದ್ ಮಾಡಿದೆ. ಅವರು ಎದುರಿಗೆ ನಿಂತು ಕೈಯಿಂದ ನಡೆ ತೋರಿಸಿದರು. ಈರಪ್ಪ ಕುದುರೆಯ ಹಾಗೆ ಹೊರಟ. ಮುಗಿಸಿ, ಎಲ್ಲರೂ ಕೇಳುವ ಹಾಗೆ ಅವನೂ ಕೇಳಿದ: "ಬಂತೇನು?"

"ಬಂತು" ಎಂದೆ. ನನ್ನ ಕಣ್ಣು ಮಾತ್ರ ಅವರ ಮೇಲಿತ್ತು. ಅವರು ನಾಗೊಂದಿಗೆಯ ಕಡೆ ನೋಡುತ್ತಿದ್ದರು.

ಹಾಸಿಗೆಗಳ ಹಿಂದಿನಿಂದ ಪೆಟ್ಟಿಗೆ ಇಳಿದದ್ದು ಅದರ ಮರುದಿನ. ನನಗೆ ಹೇಳದೆ ತಾವೇ ಇಳಿಸಿದ್ದರು. ಊದಿದರೆ ಎಡತುಟಿಯ ತುದಿಯಿಂದ ಗಾಳಿ ಸೋರಿ ಬರೀ ಸುಸ್ ಎಂದಿತು. ಎರಡೂ ಕೈ ಕ್ಲಾರ್ನೆಟ್ಟಿನ ಮೇಲೆ ಇರಲೇಬೇಕು, ತುಟಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಕ್ಲಾರ್ನೆಟ್ಟು ಕೆಳಗಿಡಲು ಹೊರಟರು. ನಾನು ಎದ್ದು ಹೋಗಿ, ನನ್ನ ಎಡಗೈ ಹೆಬ್ಬೆರಳಿನಿಂದ ಅವರ ತುಟಿಯ ಮೂಲೆಯನ್ನು ಒತ್ತಿ ಹಿಡಿದೆ. "ಈಗ ಊದ್ರಿ" ಎಂದೆ. ಒಂದು ಸ್ವರ ಬಂತು. ನಡುಗುವ, ಬೊಗಸೆಯಷ್ಟು ಸ್ವರ. ಕಟ್ಟೆಯ ಮೇಲಿದ್ದ ಈರಪ್ಪ ರಸ್ತೆಯ ಕಡೆ ಮುಖ ತಿರುಗಿಸಿ, ಬರದ ಕೆಮ್ಮು ಕೆಮ್ಮಿದ.

ಅಲ್ಲಿಂದ ನಮ್ಮ ಪಾಠ ಶುರು. ಬಲಗೈ ಕೀಬೋರ್ಡಿನ ಮೇಲೆ, ಎಡಗೈ ಹೆಬ್ಬೆರಳು ಗಂಡನ ತುಟಿಯ ಮೇಲೆ. ಅವರಿಗೆ ಒಂದು ಸಲಕ್ಕೆ ಒಂದು ತುಣುಕು ಊದುವಷ್ಟೇ ತ್ರಾಣ. ಯಂತ್ರಕ್ಕೂ ಅಷ್ಟೇ. ಇಬ್ಬರನ್ನೂ ದಣಿಸದೆ ದುಡಿಸಬೇಕು. ಒಂದು ತುಣುಕು ಹಿಡಿ, ಉಳಿಸು, ಇಬ್ಬರಿಗೂ ಪಂಖಾ ಬೀಸು, ಮತ್ತೆ ಒಂದು ತುಣುಕು. "ಬಂತೇನು?" "ಬರಲಿಲ್ರಿ, ಇನ್ನೊಮ್ಮೆ." ಮೇಣಬತ್ತಿಯನ್ನು ಬೆರಳಿನಿಂದ ಹೊಸಕಿದ ಮನುಷ್ಯ ಈಗ ಬೆಳಿಗ್ಗೆ ಎದ್ದು, ಯಾರೂ ನೋಡದಾಗ ಮೇಣಬತ್ತಿ ಹಚ್ಚಿಕೊಂಡು ಕೂರುತ್ತಿದ್ದರು. ನಾನು ನೋಡಿಯೂ ನೋಡದವಳ ಹಾಗೆ ಒಲೆ ಊದುತ್ತಿದ್ದೆ.

ತುಣುಕುಗಳು ಹೆಚ್ಚಾದಂತೆ ಯಂತ್ರ ಮತ್ತೆ ಏದುಸಿರು ಬಿಡತೊಡಗಿತು. ಸಾಲುಗಳು ಬಹಳವಾಗಿದ್ದವು, ಡಿಸ್ಕಿನಲ್ಲಿ ಜಾಗವೂ ಮುಗಿಯುತ್ತ ಬಂದಿತ್ತು. ಉಳಿದ ದಾರಿ ಒಂದೇ. ತುತ್ತೂರಿ, ಡೋಲು, ನಡುವೆ ಮಳೆಯಾದಾಗ ಬಂದವರು ಬಾರಿಸಿದ ತಾಸೆ, ಎಲ್ಲವನ್ನೂ ಕೂಡಿಸಿ ಒಂದೇ ಸಾಲು ಮಾಡಿ, ಬಿಡಿ ಸಾಲುಗಳನ್ನು ಅಳಿಸುವುದು. ಅಳಿಸಿದ ಮೇಲೆ ತುತ್ತೂರಿ ಹೆಚ್ಚಾಯಿತು, ಡೋಲು ಕಮ್ಮಿಯಾಯಿತು ಎಂದು ತಿದ್ದಲು ಬರುವುದಿಲ್ಲ. ಬ್ಯಾಂಡಿನ ಇಡೀ ಆಷಾಢದ ಬೆವರು ಅದರಲ್ಲಿತ್ತು. ನನಗೆ ಕೈ ಬರಲಿಲ್ಲ.

ಅಬ್ಬಾ ಇದ್ದಾಗ ಇದು ದಿನದ ಕೆಲಸ. ಮೊಳೆ ಇರುವುದು ಎರಡು ಪುಟಕ್ಕಾಗುವಷ್ಟು. ಮೂರನೆಯ ಪುಟ ಕಟ್ಟಬೇಕೆಂದರೆ ಮೊದಲನೆಯದನ್ನು ಅಚ್ಚು ಹಾಕಿ ಬಿಚ್ಚಲೇಬೇಕು. "ಪ್ರೂಫ್ ಸರಿ ನೋಡಿದ್ಯೋ ಇಲ್ಲೋ? ನೋಡಿದ್ರ ಬಿಚ್ಚಾಕ ಅಂಜಬ್ಯಾಡ" ಎನ್ನುತ್ತಿದ್ದರು. ಈರಪ್ಪನನ್ನೂ ಹುಸೇನಸಾಬನನ್ನೂ ಕರೆಸಿ ಕೂಡಿಸಿದ್ದನ್ನು ಕೇಳಿಸಿದೆ. ಹುಸೇನಸಾಬ ತನ್ನ ಒಂದು ಸ್ವರ ತಪ್ಪಿದೆ ಎಂದು ಮುಖ ಸಣ್ಣದು ಮಾಡಿದ.

"ತಪ್ಪಿದರ ತಪ್ಪಲಿ ಬಿಡಪಾ" ಎಂದ ಈರಪ್ಪ. "ಮೆರವಣಿಗ್ಯಾಗ ಊದಿದ್ದನ್ನ ತಿರುಗಿ ನುಂಗಾಕ ಬರತೈತೇನು? ಅಳಸವ್ವಾ, ಮಾಸ್ತರಗ ಜಾಗಾ ಆಗಲಿ."

ಹುಸೇನಸಾಬ ಹೂಂ ಎಂದ. ಅಳಿಸಿದೆ. ತಮ್ಮ ಬೆವರಿಗಿಂತ ಮಾಸ್ತರರ ಜಾಗ ದೊಡ್ಡದೆಂದು ತಿಳಿದ ಆ ಇಬ್ಬರಿಗೂ ನಾನು ಇಂದಿಗೂ ಋಣಿ. ಒಂದಲ್ಲ ಒಂದು ಹೊತ್ತಿನ ನಮಾಜಿನಲ್ಲಿ ಅವರ ಹೆಸರು ಬಾಯಿಗೆ ಬರುತ್ತದೆ.

ಸಿಡಿ ಆಯಿತೇ ಎಂದು ಕೇಳಿದರೆ, ಆಯಿತು. ಶಿರಹಟ್ಟಿಯವರು ಕೇಳಿದರು, ಮೆಚ್ಚಿದರು. ಆದರೆ ನಾನು ಹೇಳಬೇಕಾದದ್ದು ಆ ಸಿಡಿಯಲ್ಲಿ ಇಲ್ಲ.

ಆಷಾಢ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ತುಣುಕು. ಬೀಗರನ್ನು ಎದುರುಗೊಳ್ಳುವಾಗ ಊದುವ, ನಮ್ಮವರೇ ಕಟ್ಟಿದ ಧಾಟಿಯ ಕೊನೆಯ ಸುತ್ತು. ಅದು ಉದ್ದ. ಒಂದೇ ಉಸಿರಿನಲ್ಲಿ ಏರಿ, ಮೇಲೆ ನಿಂತು, ಇಳಿಯಬೇಕು. ಎಷ್ಟು ಸಲ ಹಿಡಿದರೂ ಏರುವಲ್ಲಿ ನನ್ನ ಹೆಬ್ಬೆರಳಿನ ಕೆಳಗೇ ತುಟಿ ಸೋತುಬಿಡುತ್ತಿತ್ತು. "ಇದೊಂದು ತುತ್ತೂರಿಗಿ ಕೊಡೋಣು" ಎಂದು ಅವರು ಹಿಂದಿನ ದಿನ ಹೇಳಿದ್ದರು. ಮಾಸ್ತರ ತನ್ನ ಜಾಗ ಬೇರೆಯವನಿಗೆ ಕೊಡುವ ಮಾತಾಡಿದ್ದು ಅದೇ ಮೊದಲು. ಕೊಟ್ಟರೆ ಪೆಟ್ಟಿಗೆ ಮತ್ತೆ ಹಾಸಿಗೆಗಳ ಹಿಂದೆ ಹೋಗುತ್ತದೆಂದು ನನಗೆ ಗೊತ್ತಿತ್ತು. ನಾಳೆ ಒಂದು ದಿನ ನೋಡೋಣ ಎಂದು ಕಾಡಿ ಬೇಡಿ ಒಪ್ಪಿಸಿದ್ದೆ.

ಮಧ್ಯಾಹ್ನ ಮಳೆ. ಈರಪ್ಪ ಬಂದಿದ್ದ. ಬೆಳಿಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಮತ್ತೆ ಹೋಯಿತು, ಮಗ್ಗ ನಿಂತವು. ಮಾನಿಟರು ಆರಿಸಿದೆ, ಕೀಲಿ ಒತ್ತಿದೆ, ಹೆಬ್ಬೆರಳು ತುಟಿಗೆ ಇಟ್ಟೆ. ಒಂದು ಕಿವಿಗೆ ಹೆಡ್‌ಫೋನು ಇಟ್ಟುಕೊಂಡು ಅವರು ಶುರು ಮಾಡಿದರು. ಛಲೋ ಹೊರಟಿತು. ಆ ಆಷಾಢದಲ್ಲಿ ಅಷ್ಟು ಛಲೋ ಎಂದೂ ಬಂದಿರಲಿಲ್ಲ. ಏರುವ ಜಾಗ ಹತ್ತಿರ ಬಂತು. ಅಷ್ಟರಲ್ಲಿ ಯಂತ್ರದ ಹೊಟ್ಟೆಯೊಳಗಿನ ಪಂಖಾ ನಿಂತುಹೋಯಿತು. ಸಾಕಷ್ಟು ಚಾರ್ಜು ಆಗದಿದ್ದ ಬ್ಯಾಟರಿ ಖಾಲಿಯಾಗಿತ್ತು.

ನಾನು ಹಾರಿಬಿದ್ದು ಮೇಜಿನ ಕೆಳಗೆ ಕೂತು, ಯುಪಿಎಸ್ಸಿನ ಗುಂಡಿಯನ್ನು ಒತ್ತಿದೆ, ಬಡಿದೆ, ಮತ್ತೆ ಒತ್ತಿದೆ. ಏನೂ ಇಲ್ಲ. ಅವರ ಕಿವಿಯಲ್ಲಿ ತುತ್ತೂರಿ, ಡೋಲು ಎಲ್ಲ ನಿಂತಿರಬೇಕು. ಆದರೆ ಬೀಗರನ್ನು ಎದುರುಗೊಳ್ಳುವ ಧಾಟಿಯನ್ನು ನಡುವೆ ಮುರಿಯುವುದು ಅಪಶಕುನ, ಎಂಥ ಮಾಸ್ತರನೂ ಮುರಿಯುವುದಿಲ್ಲ. ಅವರು ನಿಲ್ಲಿಸಲಿಲ್ಲ. ಈರಪ್ಪ ಪಕ್ಕದಲ್ಲಿದ್ದ ಬಕೆಟನ್ನು ಬೋರಲು ಹಾಕಿ ಅಂಗೈಯಿಂದ ನಡೆ ಕೊಟ್ಟ. ಕ್ಲಾರ್ನೆಟ್ಟು ಏರಿತು, ಮೇಲೆ ನಿಂತಿತು, ನಿಂತೇ ಇತ್ತು, ಆಮೇಲೆ ತನ್ನ ಪಾಡಿಗೆ ಇಳಿಯಿತು. ಮಗ್ಗವಿಲ್ಲ, ಪಂಖಾ ಇಲ್ಲ, ಬರೀ ಮಳೆ. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು.

ಮುಗಿಸಿ, ಹೆಡ್‌ಫೋನು ಕಿತ್ತು ಎಸೆದರು.

"ಹೋತಲ್ಲಾ ಜೈತುನ! ಛಲೋ ಹೊಂಟಿತ್ತು, ಪೂರಾ ಹೋತು. ಈಗ ಏನರ ಉಳದೈತೇನು?"

"ಏನೂ ಉಳದಿಲ್ರಿ."

"ಮತ್ತ ನಗತೀ ಯಾಕ?"

"ನನ್ನ ಕೈ ನೋಡ್ರಿ."

ಅವರು ನೋಡಿದರು. ನನ್ನ ಎರಡೂ ಕೈ ಮೇಜಿನ ಕೆಳಗೆ, ಯುಪಿಎಸ್ಸಿನ ಮೇಲೆ ಇದ್ದವು. ಅವರಿಗೂ ನನಗೂ ನಡುವೆ ಒಂದು ಮಾರು ಅಂತರ. ಕ್ಲಾರ್ನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ತಮ್ಮ ಬೆರಳನ್ನು ಎಡತುಟಿಯ ಮೂಲೆಗೆ ಮೆಲ್ಲಗೆ ಮುಟ್ಟಿಸಿ ನೋಡಿದರು.

"ಯಾವಾಗ ತಗದಿ?"

"ಮಷೀನು ಸತ್ತಾಗ. ಏರೂಕಿಂತ ಮೊದಲ."

ಈರಪ್ಪ ಬಕೆಟಿನಿಂದ ಕೈ ತೆಗೆದು ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ನಮ್ಮವರು ಕ್ಲಾರ್ನೆಟ್ಟನ್ನು ಮತ್ತೆ ಬಾಯಿಗಿಟ್ಟು, ಎದುರುಗೊಳ್ಳುವ ಧಾಟಿಯನ್ನು ಮೊದಲಿನಿಂದ ಎತ್ತಿಕೊಂಡರು. ಅಷ್ಟರಲ್ಲಿ ಕರೆಂಟು ಬಂತು, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು, ಯುಪಿಎಸ್ಸಿನ ಹಸಿರು ದೀಪ ಹತ್ತಿತು. ನಾನು ಕಂಪ್ಯೂಟರ್ ಚಾಲೂ ಮಾಡಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಕೇಳಿದೆ.